ನಾಲ್ಕು ತಟ್ಟೆ ಹುಣ್ಣಿಮೆ

ಬೆಳಗಿನ ಚಹಾದಲ್ಲಿ ಬೆಳ್ಳುಳ್ಳಿ ಸಿಕ್ಕಿತು.

ಹಾಸಿಗೆಯಣ್ಣ ಅದನ್ನು ನಾಲಿಗೆಯ ತುದಿಯಿಂದ ಬೆರಳ ತುದಿಗೆ ತಂದು, ಕಿಟಕಿಯ ಬೆಳಕಿಗೆ ಹಿಡಿದು ನೋಡಿದ. ಅನುಮಾನವೇ ಇರಲಿಲ್ಲ. ಸಿಪ್ಪೆ ಸುಲಿದು, ಜಜ್ಜಿ, ಪ್ರೀತಿಯಿಂದ ಹಾಕಿದ ಬೆಳ್ಳುಳ್ಳಿ.

"ಹೇಗಿದೆ ಭಾವ?" ಅಡುಗೆಮನೆಯ ಬಾಗಿಲಲ್ಲಿ ಬಾಮೈದ ಸೌಟು ಹಿಡಿದು ನಿಂತಿದ್ದ. "ಎದೆಗೆ ಬಹಳ ಒಳ್ಳೇದು."

"ಎದೆಗೇನೋ ಒಳ್ಳೇದು ಕಣಯ್ಯಾ" ಎಂದ ಹಾಸಿಗೆಯಣ್ಣ. ಬಾಯಿಗೆ ಹೇಗಿತ್ತು ಎಂಬುದನ್ನು ಹೇಳಲಿಲ್ಲ. ಪಕ್ಕದಲ್ಲೇ ಹೆಂಡತಿ ಕೂತಿದ್ದಳು.

ಅವನು ಹಾಸಿಗೆ ಹೊಲಿಯುವವನು. ಊರಿನ ಅರ್ಧ ಜನ ರಾತ್ರಿ ಬೆನ್ನು ಚಾಚುವುದು ಅವನು ಹತ್ತಿ ತುಂಬಿದ ಹಾಸಿಗೆಯ ಮೇಲೆ. ಆದರೆ ಬಾಮೈದ ಮನೆಗೆ ಬಂದು ಸೇರಿದಂದಿನಿಂದ ಅವನಿಗೇ ಸರಿಯಾಗಿ ನಿದ್ದೆಯಿಲ್ಲ, ಹೊಟ್ಟೆ ಗುಡುಗುಡು. ಬಾಮೈದ ಮೊದಲು ಪಂಪು ರಿಪೇರಿ ಮಾಡುತ್ತಿದ್ದ. ಕೆಟ್ಟ ಪಂಪನ್ನು ಬಿಚ್ಚಿ, ಏನಾದರೊಂದು ತುರುಕಿ, ಓಡುತ್ತದೆಯೋ ನೋಡಿ, ಓಡದಿದ್ದರೆ ಇನ್ನೇನಾದರೂ ತುರುಕುವುದು ಅವನ ಪದ್ಧತಿ. ಒಂದು ದಿನ ಅವನಿಗೆ ತಾನು ಅಡುಗೆಯವನಾಗಲು ಹುಟ್ಟಿದವನು ಎಂದು ಹೊಳೆಯಿತು. ಅಕ್ಕನ ಒಲೆಯ ಮುಂದೆ ಬಂದು ಕೂತ. ಬೇಳೆಗೆ ಚಕ್ಕೆ, ಬದನೆಕಾಯಿಗೆ ಬಾಳೆಹಣ್ಣು, ಅನ್ನಕ್ಕೆ ಸೋಂಪು. ಪಂಪಿನಂತೆ ಎಲ್ಲಕ್ಕೂ ಏನಾದರೊಂದು ಬಿತ್ತು. ಕೈಯಲ್ಲಿ ಹದವಾದ ಅಡುಗೆ ಇದ್ದ ಹೆಂಡತಿ ಸೌಟನ್ನು ಅವನಿಗೆ ಒಪ್ಪಿಸಿ ಬದಿಗೆ ಸರಿದಳು. "ಕಲೀತಿದ್ದಾನೆ ಪಾಪ, ನಮ್ಮಲ್ಲೇ ಕೈ ಪಳಗಲಿ ಬಿಡ್ರೀ" ಎಂದಳು. ಪಳಗಬೇಕಾದದ್ದು ಕೈ, ಅದನ್ನು ಪಳಗಿಸಬೇಕಾದದ್ದು ಮಾತ್ರ ಗಂಡನ ಹೊಟ್ಟೆ.

ಬಾಮೈದ ಈಗ ಬಸ್ ನಿಲ್ದಾಣದ ಹಿಂದೆ ಸಣ್ಣದೊಂದು ಹೋಟೆಲು ತೆರೆದಿದ್ದ. ಗಿರಾಕಿಗಳು ಬರುತ್ತಿದ್ದರು, ಒಮ್ಮೆ ಬಂದವರು ಮತ್ತೆ ಬರುತ್ತಿರಲಿಲ್ಲ.

"ಇವತ್ತು ನಿಮ್ಮ ಗುಂಪು ನಮ್ಮಲ್ಲಿಗೆ ಬರುತ್ತಲ್ಲ ಭಾವ" ಎಂದ ಅವನು, ಸೌಟನ್ನು ಹೆಗಲಿಗೇರಿಸಿ. "ಹುಣ್ಣಿಮೆ ಬಿತ್ತು ಅಂದ್ರೆ, ಇವತ್ತೇ ಪಾತ್ರೆಪಗಡ ಕಟ್ಕೊಂಡು ಹೋಟೆಲಿನ ಹಿಂದಿನ ಕೋಣೆಗೆ ಹೋಗಿಬಿಡ್ತೀನಿ. ಬೀಳಲಿಲ್ಲ ಅಂದ್ರೆ ಬಾಗಿಲು ಹಾಕಿ ಬಂದುಬಿಡ್ತೀನಿ. ಹೇಗೂ ನಿಮ್ಮನೆ ಒಲೆ ಇದ್ದೇ ಇದೆ."

ಹಾಸಿಗೆಯಣ್ಣನ ಎದೆ ಝಲ್ಲೆಂದಿತು. ಬೆಳ್ಳುಳ್ಳಿ ಅದಕ್ಕೇನೂ ಸಹಾಯ ಮಾಡಲಿಲ್ಲ.

ಗುಂಪು ಅಂದರೆ ನಾಲ್ಕು ಜನ: ಹಾಸಿಗೆಯಣ್ಣ, ಆನೆಯಂಥ ಮೈಯ ಬಡಗಿ, ತೆಳ್ಳಗೆ ಬಳುಕುವ ಬಸ್ ಡ್ರೈವರ್, ಮತ್ತು ನಿವೃತ್ತ ಡ್ರಿಲ್ ಮೇಷ್ಟ್ರು. ವಾರದ ರಜೆಯ ದಿನ ನಾಲ್ವರೂ ಒಟ್ಟಾಗಿ ಊರಿನ ಯಾವುದಾದರೊಂದು ಹೋಟೆಲಿನಲ್ಲಿ ಮಧ್ಯಾಹ್ನದ ಊಟ ಮಾಡಿ, ಅದು ಎಂಥದ್ದೆಂದು ತೀರ್ಪು ಕೊಡುತ್ತಿದ್ದರು. ತೀರ್ಪಿನ ಕ್ರಮವನ್ನು ಕಟ್ಟಿದವರು ಮೇಷ್ಟ್ರು. ನಾಲಿಗೆ ದಾಕ್ಷಿಣ್ಯಕ್ಕೆ ಸುಳ್ಳು ಹೇಳುತ್ತದೆ, ತಟ್ಟೆ ಹೇಳುವುದಿಲ್ಲ ಎಂಬುದು ಅವರ ಸಿದ್ಧಾಂತ. ಆದ್ದರಿಂದ ಊಟದ ಹೊತ್ತಿಗೆ ಊಟದ ಬಗ್ಗೆ ಯಾರೂ ಮಾತಾಡುವಂತಿಲ್ಲ. ಮೇಷ್ಟ್ರು ತಮ್ಮ ಊಟ ಮುಗಿಸಿ, ಕೊರಳಲ್ಲಿ ಇನ್ನೂ ನೇತಾಡುವ ಸೀಟಿ ಊದಿದ ಕೂಡಲೇ ಎಲ್ಲರೂ ತಟ್ಟೆಯಿಂದ ಕೈ ಎತ್ತಬೇಕು. ತಟ್ಟೆ ಖಾಲಿಯಾಗಿ ಫಳಫಳ ಹೊಳೆದರೆ ಹುಣ್ಣಿಮೆ. ಅರ್ಧ ಉಳಿದರೆ ಅಷ್ಟಮಿ. ಬಡಿಸಿದ್ದು ಬಡಿಸಿದಂತೆಯೇ ಇದ್ದರೆ ಅಮಾವಾಸ್ಯೆ. ನಾಲ್ಕು ತಟ್ಟೆಗಳಲ್ಲಿ ಯಾವುದು ಎಲ್ಲಕ್ಕಿಂತ ಕೆಟ್ಟದ್ದೋ ಅದೇ ಹೋಟೆಲಿನ ತೀರ್ಪು. ಬಡಗಿ ತನ್ನ ಅಂಗಡಿಯ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಆ ಚಂದ್ರನನ್ನು ಬರೆಯುತ್ತಿದ್ದ. ಊರಿನವರು ಹಲಗೆ ನೋಡಿಕೊಂಡೇ ಊಟಕ್ಕೆ ಹೊರಡುತ್ತಿದ್ದರು.

ಶಿಫಾರಸು ನಡೆಯುವಂತಿರಲಿಲ್ಲ. ಹಿಂದೊಮ್ಮೆ ಡ್ರೈವರ್ ತನ್ನ ಚಿಕ್ಕಪ್ಪನ ಹೋಟೆಲಿಗಾಗಿ, "ಸ್ವಲ್ಪ ನೋಡ್ಕೊಳ್ಳಿ ಮೇಷ್ಟ್ರೇ" ಎಂದು ಪಿಸುಗುಟ್ಟಿದ್ದಕ್ಕೆ ತಿಂಗಳುಗಟ್ಟಲೆ ಗುಂಪಿನಿಂದ ಹೊರಗಿದ್ದ. "ನಂಟಸ್ತಿಕೆಯನ್ನ ಚಪ್ಪಲಿ ಜೊತೆ ಹೊಸ್ತಿಲಾಚೆ ಬಿಟ್ಟು ಬನ್ನಿ" ಎನ್ನುತ್ತಿದ್ದರು ಮೇಷ್ಟ್ರು.

ಹಾಸಿಗೆಯಣ್ಣ ಅಂಗಡಿಗೆ ಬಂದು, ನರ್ಸಮ್ಮನಿಗೆಂದು ಹೊಲಿದಿದ್ದ ದೊಡ್ಡ ಹಾಸಿಗೆಯ ಮೇಲೆ ತಲೆಗೆ ಕೈಕೊಟ್ಟು ಕೂತ. ಬೇಳೆಗೆ ಬಿದ್ದ ಚಕ್ಕೆಯನ್ನು ಹಿಂದಕ್ಕೆ ತೆಗೆಯುವುದು ಆಗದ ಮಾತು. ಮೇಷ್ಟ್ರನ್ನು ಒಲಿಸುವುದು ಅದಕ್ಕಿಂತ ಆಗದ ಮಾತು. ಆಗ ಹೋದ ವರ್ಷದ ಒಂದು ದಿನ ನೆನಪಾಯಿತು. ನಾಲ್ವರೂ ಹೋಗುತ್ತಿದ್ದ ಬಸ್ಸು ನಡುದಾರಿಯಲ್ಲಿ ಕೆಟ್ಟು, ಸಂಜೆಯವರೆಗೆ ನಡೆದು, ಕೊನೆಗೆ ಒಂದು ಗುಡಿಸಲಲ್ಲಿ ತಳ ಹಿಡಿದ ಗಂಜಿ ಸಿಕ್ಕಿತ್ತು. ಆ ಗಂಜಿ ಕುಡಿದು ಬಡಗಿಯ ಕಣ್ಣಲ್ಲಿ ನೀರು ಬಂದಿತ್ತು, ಮೇಷ್ಟ್ರು ಪಾತ್ರೆಯನ್ನೇ ಕೆರೆದಿದ್ದರು.

"ಹಸಿವು!" ಎಂದು ಹಾಸಿಗೆಯಣ್ಣ ಎದ್ದು ನಿಂತ. ಕೂಡಲೇ ತನ್ನ ತಳ್ಳುಗಾಡಿಯ ಚಕ್ರದ ಕೀಲನ್ನು ಕಿತ್ತು ಜೇಬಿಗೆ ಹಾಕಿಕೊಂಡ.

ಗೆಳೆಯರು ಬಂದಾಗ ಮುಖ ಸಣ್ಣದು ಮಾಡಿಕೊಂಡು ನಿಂತಿದ್ದ. "ಗಾಡಿ ಮುರಿದುಹೋಯ್ತು ಕಣ್ರಪ್ಪಾ. ನರ್ಸಮ್ಮಂಗೆ ಇವತ್ತೇ ಹಾಸಿಗೆ ಕೊಡ್ತೀನಿ ಅಂತ ಮಾತು ಕೊಟ್ಟಿದ್ದೀನಿ. ಒಂದು ಕೈ ಹಾಕಿದ್ರೆ ತಲುಪಿಸಿ, ಹಾಗೇ ಊಟಕ್ಕೆ ಹೋಗ್ಬಹುದಿತ್ತು."

"ಕೀಲು ತಾನೇ ಹೋಗಿರೋದು? ಇರು, ನಾನು ಒಂದು ಕೆತ್ತಿ ಹಾಕ್ತೀನಿ" ಎಂದು ಬಡಗಿ ಬಗ್ಗಿದ.

"ಛೆ ಛೆ! ರಜಾ ದಿನ ನಿನ್ನ ಕೈಲಿ ಕೆಲಸ ಮಾಡಿಸ್ಲಾ?"

"ಮತ್ತೆ ಹಾಸಿಗೆ ಹೊರೋದು ಕೆಲಸ ಅಲ್ವೇನೋ?"

"ಅದು ವ್ಯಾಯಾಮ" ಎಂದರು ಮೇಷ್ಟ್ರು. ಅವರು ಸೀಟಿ ಊದಿದರು, ಮೆರವಣಿಗೆ ಹೊರಟಿತು.

ನರ್ಸಮ್ಮನ ಮನೆ ಊರಾಚೆಯ ಗುಡ್ಡದ ನೆತ್ತಿಯಲ್ಲಿತ್ತು. ಹಾಸಿಗೆ ಹೊಸ ಹತ್ತಿಯದು, ಬಿಸಿಲು ಹಳೆಯ ಸೇಡಿನಂಥದು. ಏರುದಾರಿಯಲ್ಲಿ ಮುಂದಿದ್ದ ಡ್ರೈವರ್ ಗೇರು ಬದಲಿಸುವವನಂತೆ ಆಗಾಗ ನಿಂತು ಏದುಸಿರು ಬಿಟ್ಟ. ಬಡಗಿಯ ಹೊಟ್ಟೆ ಅರ್ಧ ದಾರಿಯಲ್ಲೇ ಗೊಣಗತೊಡಗಿತು. ಹಾಸಿಗೆಯಣ್ಣನ ಕಿವಿಗೆ ಅದು ಸಂಗೀತದಂತೆ ಕೇಳಿಸಿತು.

ಮಾಳಿಗೆಯ ಕೋಣೆಗೆ ಹಾಸಿಗೆ ಏರಿಸಲು ಗೆಳೆಯರು ಮೆಟ್ಟಿಲು ಹತ್ತಿದರು. ಹಾಸಿಗೆಯಣ್ಣ ಜಗಲಿಯಲ್ಲಿ ಉಸಿರು ಬಿಡುತ್ತಿದ್ದಾಗ ನರ್ಸಮ್ಮ ಒಳಗಿನಿಂದ ದೊಡ್ಡ ಬೋಗುಣಿ ಹೊತ್ತು ಬಂದರು. ಅದರ ತುಂಬ ಆಗಷ್ಟೇ ಬೇಯಿಸಿದ ಗೆಣಸು, ಹಬೆಯಾಡುತ್ತಿತ್ತು.

"ಪಾಪ, ಎಲ್ಲಾ ಎಷ್ಟು ದಣಿದಿದ್ದೀರಿ! ತಗೊಳ್ಳಿ, ಅವರಿಗೂ ಕೊಡಿ. ನಾನು ನೀರು ತರ್ತೀನಿ."

ಮಾಳಿಗೆಯಿಂದ ಬಡಗಿಯ ದನಿ ಕೇಳಿತು: "ಏನೋ ಘಮ ಅಂತಿದೆಯಲ್ಲೋ!"

ಹಾಸಿಗೆಯಣ್ಣ ಸುತ್ತ ನೋಡಿದ. ಅಂಗಳದಲ್ಲಿ ಒಂದು ಕೋಳಿಯೂ ಇರಲಿಲ್ಲ. ಮೆಟ್ಟಿಲ ಮೇಲೆ ಹೆಜ್ಜೆ ಸಪ್ಪಳ ಶುರುವಾಗಿತ್ತು. ಬೇರೆ ದಾರಿ ಕಾಣದೆ ಗೆಣಸನ್ನು ಬಾಯಿಗೆ ತುಂಬಿದ, ಹಾಸಿಗೆಯ ಮೂಲೆಗೆ ಹತ್ತಿ ತುಂಬುವಂತೆ, ಒಂದರ ಹಿಂದೆ ಒಂದು, ಹೆಬ್ಬೆರಳಿಂದ ಒತ್ತಿ ಒತ್ತಿ. ಸಿಪ್ಪೆ ಸುಲಿಯಲೂ ಪುರಸತ್ತಾಗಲಿಲ್ಲ. ಗೆಳೆಯರು ಇಳಿದು ಬಂದಾಗ ಬೋಗುಣಿ ಖಾಲಿ, ಅವನ ಕಣ್ಣು ತುಂಬ ನೀರು.

"ಅಯ್ಯೋ, ಅಷ್ಟೂ ನೀವೇ ತಿಂದ್ರಾ?" ಎಂದರು ನರ್ಸಮ್ಮ, ನೀರಿನ ಚೆಂಬು ಹಿಡಿದುಕೊಂಡೇ. "ಮನೇಲಿ ಊಟ ಹಾಕಲ್ವೇ?"

"ಹಾಕ್ತಾರೆ" ಎಂದ ಹಾಸಿಗೆಯಣ್ಣ ಕಷ್ಟಪಟ್ಟು. "ಅದಕ್ಕೇ."

ಬಡಗಿ ಬೋಗುಣಿಯೊಳಗೆ ಇಣುಕಿ, ನೆಂಟರ ಸಾವಿನ ಸುದ್ದಿ ಕೇಳಿದವನಂತೆ ತಲೆಯ ಮೇಲೆ ಕೈ ಹೊತ್ತ. ನಂತರ ಗುಡ್ಡ ಇಳಿಯುವವರೆಗೂ ಅವನು ಹಾಸಿಗೆಯಣ್ಣನ ಜೊತೆ ಮಾತಾಡಲಿಲ್ಲ.

ಗುಡ್ಡದ ಬುಡದಲ್ಲಿ ಡ್ರೈವರನ ಅಕ್ಕನ ಮನೆ. ಅದನ್ನು ತಪ್ಪಿಸಿ ಹೋಗಲು ಹಾಸಿಗೆಯಣ್ಣ ಹೊಲದ ಬದುವಿಗೆ ತಿರುಗಿದ್ದ. ಆದರೆ ಅಕ್ಕ ಹೊಲದಲ್ಲೇ ಇದ್ದಳು.

"ಏ ತಮ್ಮಾ! ಎತ್ಲಾಗೋ ಕದ್ದು ಹೋಗ್ತಿದ್ದೀಯ? ಮುಖ ನೋಡು, ಒಣಗಿದ ಸೌತೆಕಾಯಿ ಥರ ಆಗಿದೆ!" ಎಂದು ಎಲ್ಲರನ್ನೂ ಬೇಲಿಯ ಬಳಿ ನಿಲ್ಲಿಸಿ, ಒಳಗೆ ಓಡಿ, ಬಟ್ಟೆಯ ಗಂಟೊಂದನ್ನು ತಂದಳು. ಬನ್ನು, ಬೇಯಿಸಿದ ಮೊಟ್ಟೆ, ಬಾಳೆಹಣ್ಣು. "ದಾರೀಲಿ ಎಲ್ಲರೂ ಹಂಚ್ಕೊಂಡು ತಿನ್ನಿ."

"ನೀನು ದಣಿದಿದ್ದೀಯ, ಕೊಡು, ನಾನು ಹಿಡ್ಕೋತೀನಿ" ಎಂದು ಹಾಸಿಗೆಯಣ್ಣ ಡ್ರೈವರನ ಕೈಯಿಂದ ಗಂಟನ್ನು ಕಿತ್ತುಕೊಂಡ. "ಮುಂದಿನ ಹುಣಸೇಮರದ ಕೆಳಗೆ ಕೂತು ತಿನ್ನೋಣ, ನಡೀರಿ" ಎಂದು ಮೂವರನ್ನೂ ಮುಂದೆ ಬಿಟ್ಟು ತಾನು ಹಿಂದುಳಿದ. ಚಪ್ಪಲಿಯಲ್ಲಿ ಕಲ್ಲು ಸಿಕ್ಕಿದ ನೆಪ ಹೇಳಿ ಬದುವಿನ ಮೇಲೆ ಕೂತು, ಗಂಟನ್ನು ಪೊದೆಗೆ ಎಸೆಯಲು ಕೈ ಎತ್ತಿದ.

"ತಿನ್ನೋ ವಸ್ತು ಬಿಸಾಡ್ತೀಯೇನೋ!" ಪೊದೆಯೇ ಮಾತಾಡಿದಂತಾಯಿತು. ಅದರ ಆಚೆ ಒಬ್ಬ ಮುದುಕಿ ಕಳೆ ಕೀಳುತ್ತಿದ್ದಳು. ಕುಡುಗೋಲು ಹಿಡಿದೇ ಎದ್ದು ನಿಂತಳು. "ಹೊಟ್ಟೆ ತುಂಬಿದ ಸೊಕ್ಕಾ? ತಿನ್ನು! ನನ್ನೆದುರಿಗೇ ತಿನ್ನು, ನೋಡೋಣ."

"ನೀನೇ ತಗೊಳ್ಳಜ್ಜಿ."

"ನಂಗೆ ಹಲ್ಲಿದೆಯೇನೋ? ತಿನ್ನು ಅಂದ್ರೆ ತಿನ್ನು!"

ಕುಡುಗೋಲು ಹೊಸದಾಗಿ ಸಾಣೆ ಹಿಡಿದದ್ದು. ಹಾಸಿಗೆಯಣ್ಣ ತಿಂದ. ಗೆಣಸಿನ ಮೇಲೆ ಬನ್ನು, ಬನ್ನಿನ ಮೇಲೆ ಮೊಟ್ಟೆ, ಸಂದಿ ಉಳಿದಲ್ಲೆಲ್ಲ ಬಾಳೆಹಣ್ಣು. ಕೊನೆಯ ತುತ್ತು ಒಳಗಿಳಿಯುವವರೆಗೂ ಮುದುಕಿ ಕದಲಲಿಲ್ಲ.

ಹುಣಸೇಮರದ ಕೆಳಗೆ ಮೂವರೂ ಕೈ ಒರೆಸಿಕೊಂಡು ಸಾಲಾಗಿ ಕೂತಿದ್ದರು. "ಎಲ್ಲಿ ಗಂಟು?"

"ಕೋತಿ ಕಿತ್ಕೊಂಡು ಹೋಯ್ತು."

"ಈ ಊರಲ್ಲಿ ಕೋತಿ ಎಲ್ಲಿದೆ ಮಾರಾಯಾ?" ಎಂದ ಡ್ರೈವರ್.

"ಹೊಸದು ಬಂದಿರಬೇಕು."

"ಗೆಣಸು ತಿನ್ನೋ ಜಾತಿಯ ಕೋತಿನಾ?" ಎಂದು ಬಡಗಿ ಮೌನ ಮುರಿದ. ಹಾಗೆಂದು ಜೇಬಿನಿಂದ ಹುರಿದ ಕಡಲೆಕಾಯಿಯ ಪೊಟ್ಟಣ ತೆಗೆದ. ಅವನ ಜೇಬಲ್ಲಿ ಯಾವಾಗಲೂ ಒಂದು ಪೊಟ್ಟಣ ಇರುತ್ತದೆ ಎಂಬುದನ್ನು ಹಾಸಿಗೆಯಣ್ಣ ಮರೆತೇಬಿಟ್ಟಿದ್ದ. ಇಡೀ ಬೆಳಗಿನ ಶ್ರಮ ಕಣ್ಣೆದುರೇ ಮಣ್ಣುಪಾಲಾಗುವುದರಲ್ಲಿತ್ತು. "ಒಂದು ಹಿಡಿ ಕೊಡೋ" ಎಂದು ಪೊಟ್ಟಣಕ್ಕೆ ಕೈ ಹಾಕಿ, ಅಷ್ಟನ್ನೂ ಬಾಯಿಗೆ ಸುರುವಿಕೊಂಡ.

ಮೂವರೂ ಅವನನ್ನೇ ನೋಡಿದರು.

"ನಿನಗೇನಾದ್ರೂ ಕಾಯಿಲೆಯೇನಯ್ಯಾ?" ಎಂದು ಮೇಷ್ಟ್ರು ಮೆಲ್ಲಗೆ ಕೇಳಿದರು.

ಹೋಟೆಲು ತಲುಪಿದಾಗ ಊಟದ ಹೊತ್ತು ಯಾವಾಗಲೋ ಮೀರಿತ್ತು. ಮೂವರು ಗೆಳೆಯರ ಕಣ್ಣು ಒಳಗೆ ಹೋಗಿದ್ದವು, ಹಾಸಿಗೆಯಣ್ಣನ ಹೊಟ್ಟೆ ಹೊರಗೆ ಬಂದಿತ್ತು. ಬೆಂಚಿನ ಮೇಲೆ ಕೂರುವಾಗ ಎಲ್ಲಿ ಹೊಲಿಗೆ ಬಿಚ್ಚೀತೋ ಎಂಬ ಹೆದರಿಕೆಯಿಂದ ಅವನು ನಿಧಾನವಾಗಿ ಇಳಿದ.

ಒಳಗೆ ತಮ್ಮನಿಗೆ ಸಹಾಯ ಮಾಡಲು ಬಂದಿದ್ದ ಹೆಂಡತಿ ತಟ್ಟೆಗಳನ್ನಿಟ್ಟಳು. ಬಾಮೈದ ಬಡಿಸಿದ. ಅನ್ನ, ಬೇಳೆ, ಬದನೆಕಾಯಿ. ಬೇಳೆಯಿಂದ ಔಷಧಿ ಅಂಗಡಿಯ ವಾಸನೆ ಬರುತ್ತಿತ್ತು, ಬದನೆಕಾಯಿ ಏನೋ ಯೋಚಿಸುತ್ತಿರುವಂತೆ ನೀಲಿಗಟ್ಟಿತ್ತು. "ಭಾವನಿಗೆ ಸ್ವಲ್ಪ ಜಾಸ್ತಿ" ಎಂದು ಅವನ ತಟ್ಟೆಯಲ್ಲಿ ನರ್ಸಮ್ಮನ ಗುಡ್ಡದಂಥದ್ದೇ ಒಂದು ಗುಡ್ಡ ಕಟ್ಟಿದ.

ಮೇಷ್ಟ್ರು ಊಟ ಶುರುವಾಗಲಿ ಎಂದು ಸೀಟಿ ಊದಿದರು. ಮೂವರೂ ತಟ್ಟೆಯ ಮೇಲೆ ಬಿದ್ದರು.

ಹಾಸಿಗೆಯಣ್ಣ ಲೆಕ್ಕ ಹಾಕಿದ್ದು ಸರಿಯಾಗಿತ್ತು. ಡ್ರೈವರ್ ಬ್ರೇಕು ಇಲ್ಲದ ಬಸ್ಸಿನಂತೆ ಇಳಿಜಾರಿನಲ್ಲಿ ಹೋಗುತ್ತಿದ್ದ. ಬಡಗಿ ಮರ ಕೊಯ್ಯುವ ಸದ್ದು ಮಾಡುತ್ತಿದ್ದ. ರುಚಿ ನೋಡುವಾಗ ಕಣ್ಣು ಮುಚ್ಚುವ ಅಭ್ಯಾಸದ ಮೇಷ್ಟ್ರು ಕಣ್ಣು ಮುಚ್ಚಿ, ಹುಬ್ಬು ಕುಣಿಸುತ್ತ ಅಗಿಯುತ್ತಿದ್ದರು. ಯಾರೂ ಬದನೆಕಾಯಿಯ ಬಣ್ಣ ನೋಡಲಿಲ್ಲ. ಗೆದ್ದೆ ಎಂದು ಹಾಸಿಗೆಯಣ್ಣ ಉಸಿರು ಬಿಡುವಷ್ಟರಲ್ಲಿ ಅವನ ದೃಷ್ಟಿ ತನ್ನ ತಟ್ಟೆಯ ಮೇಲೆ ಬಿತ್ತು.

ಎಲ್ಲಕ್ಕಿಂತ ಕೆಟ್ಟ ತಟ್ಟೆಯೇ ತೀರ್ಪು. ಮೂರು ಹುಣ್ಣಿಮೆಗಳ ನಡುವೆ ತನ್ನದೊಂದೇ ಅಮಾವಾಸ್ಯೆ!

ಒಂದು ತುತ್ತು ಎತ್ತಿದ. ತುತ್ತು ತುಟಿಯವರೆಗೆ ಹೋಯಿತು. ಒಳಗೆ ಗೆಣಸು, ಬನ್ನು, ಮೊಟ್ಟೆ, ಬಾಳೆಹಣ್ಣು, ಕಡಲೆಕಾಯಿ ಎಲ್ಲ ಒಕ್ಕೊರಲಿನಿಂದ, ಇಲ್ಲಿ ಜಾಗವಿಲ್ಲ ಎಂದವು. ಕೈ ಕೆಳಗಿಳಿಯಿತು. ಇನ್ನು ಜೀವಮಾನವಿಡೀ ಚಹಾದಲ್ಲಿ ಬೆಳ್ಳುಳ್ಳಿ.

ಆಗ ಪಕ್ಕದಲ್ಲಿದ್ದ ಬಡಗಿಗೆ ಮೆಣಸಿನಕಾಯಿ ನೆತ್ತಿಗೇರಿತು. ಕೆಮ್ಮುತ್ತ ಎದ್ದು ಮೂಲೆಯ ನೀರಿನ ಹಂಡೆಯತ್ತ ಓಡಿದ. ಅವನ ತಟ್ಟೆ ತೊಳೆದಿಟ್ಟಂತಿತ್ತು. ಡ್ರೈವರನ ತಲೆ ತಟ್ಟೆಯಲ್ಲಿತ್ತು, ಮೇಷ್ಟ್ರ ಕಣ್ಣು ಮುಚ್ಚಿತ್ತು. ಹಾಸಿಗೆಯಣ್ಣ ಎರಡೂ ತಟ್ಟೆಗಳನ್ನು ಸದ್ದಿಲ್ಲದೆ ಅದಲು ಬದಲು ಮಾಡಿದ.

ಬಡಗಿ ಮೀಸೆ ಒರೆಸಿಕೊಳ್ಳುತ್ತ ಬಂದು ನೋಡಿದರೆ ತನ್ನ ಜಾಗದಲ್ಲಿ ಗುಡ್ಡ! "ಆಹಾ! ಕೇಳೋಕ್ಕೆ ಮುಂಚೆ ಬಡಿಸಿದ್ದಾರೆ. ಮರ್ಯಾದೆ ಅಂದ್ರೆ ಇದಪ್ಪಾ!" ಎಂದು ತೋಳು ಮಡಚಿ ಮತ್ತೆ ಶುರು ಮಾಡಿದ.

ಬಾಮೈದ ಅಡುಗೆಮನೆಯ ಕಿಂಡಿಯಿಂದ ಇಣುಕಿದ. "ನಾನೆಲ್ಲಿ ಬಡಿಸ್ದೆ?" ಎಂದು ಅವನು ಬಾಯಿ ತೆರೆಯುವುದಕ್ಕೂ ಮೇಷ್ಟ್ರು ಕಣ್ಣು ತೆರೆದು ಕೊನೆಯ ತುತ್ತು ಕಲೆಸುವುದಕ್ಕೂ ಸರಿಹೋಯಿತು. ಆ ತುತ್ತು ಒಳಹೋದರೆ ಸೀಟಿ. ಬಡಗಿಯ ಗುಡ್ಡ ಇನ್ನೂ ಅರ್ಧ ಉಳಿದಿತ್ತು.

"ಮೇಷ್ಟ್ರೇ!" ಎಂದು ಹಾಸಿಗೆಯಣ್ಣ ಹೆಚ್ಚುಕಡಿಮೆ ಕಿರುಚಿದ. "ನಿಮ್ಮ ಹುಡುಗರು ಪಥಸಂಚಲನದಲ್ಲಿ ಗೆದ್ದರಲ್ಲ, ಆ ವರ್ಷ ಎಡಗಾಲು ಮೊದಲಾ ಬಲಗಾಲು ಮೊದಲಾ?"

ಮೇಷ್ಟ್ರ ಕೈ ಅಲ್ಲೇ ನಿಂತಿತು. "ಬಲಗಾಲೇ? ಯಾವ ಅಡ್ಡಕಸುಬಿ ಹೇಳಿದ ನಿನಗೆ?" ಎಂದು ತುತ್ತನ್ನು ತಟ್ಟೆಯಲ್ಲೇ ಬಿಟ್ಟು ಎದ್ದು ನಿಂತರು. ಆ ವರ್ಷದ ಕತೆ ಶುರುವಾಯಿತು. ಮಳೆ ಬಂದದ್ದು, ಎದುರಾಳಿ ತಂಡ ಕೆಸರಲ್ಲಿ ಜಾರಿದ್ದು, ತಾವು ಮಾತ್ರ ಕಂಬದಂತೆ ನಿಂತದ್ದು. ಬೆಂಚಿನ ಸುತ್ತ ಎಡಗಾಲು ಮೊದಲಿಟ್ಟು ನಡೆದು ತೋರಿಸಿದರು. ಗುಂಪಿನವರು ಆ ಕತೆಯನ್ನು ಎಷ್ಟು ಸಲ ಕೇಳಿದ್ದರೋ, ಹಾಸಿಗೆಯಣ್ಣ ಮಾತ್ರ ಇವತ್ತೇ ಮೊದಲು ಕೇಳಿದವನಂತೆ ಬಾಯಿ ತೆರೆದು ಕೂತಿದ್ದ, ಒಂದು ಕಣ್ಣನ್ನು ಬಡಗಿಯ ತಟ್ಟೆಯ ಮೇಲಿಟ್ಟು.

ಕತೆ ಮುಗಿಯಿತು. ಮೇಷ್ಟ್ರು ಕೂತು ಕೊನೆಯ ತುತ್ತು ಬಾಯಿಗಿಟ್ಟರು. ಬಡಗಿ ಬೆರಳು ನೆಕ್ಕಿದ. ಸೀಟಿ ಮೊಳಗಿತು.

ನಾಲ್ಕು ತಟ್ಟೆ, ನಾಲ್ಕು ಹುಣ್ಣಿಮೆ.

ಮೇಷ್ಟ್ರು ಒಂದೊಂದನ್ನೂ ಎತ್ತಿ ಬೆಳಕಿಗೆ ಹಿಡಿದು ನೋಡಿದರು. "ನನ್ನ ಅನುಭವದಲ್ಲಿ ಇಂಥ ತಟ್ಟೆ ಕಂಡಿಲ್ಲ" ಎಂದರು ಗಂಭೀರವಾಗಿ. ಅಡುಗೆಮನೆಯಲ್ಲಿ ಏನೋ ಬಿದ್ದು ಉರುಳಿದ ಸದ್ದು ಕೇಳಿಸಿತು. ಬಾಮೈದ ಸೌಟು ಬಿಟ್ಟು ಓಡಿ ಬಂದು ಭಾವನ ಎರಡೂ ಕೈ ಹಿಡಿದುಕೊಂಡ.

"ನೋಡಿದೆ ಭಾವ, ಕಿಂಡೀಲಿ ಇಣುಕಿದಾಗ ನೋಡಿದೆ. ಅಷ್ಟು ಬಡಿಸಿದ್ದೆ ನಿಮಗೆ. ಅವರೆಲ್ಲಾ ಇನ್ನೂ ತಿಂತಾ ಇದ್ರು, ನಿಮ್ಮ ತಟ್ಟೆ ಆಗಲೇ ಕನ್ನಡಿ ಥರ ಹೊಳೀತಿತ್ತು! ಮನೇಲಿ ಬಾಯಿ ಬಿಟ್ಟು ಒಂದು ದಿನ ಹೊಗಳಲಿಲ್ಲ. ನನಗೆ ಇಷ್ಟ ಇಲ್ಲ ಅಂತಲೇ ತಿಳ್ಕೊಂಡಿದ್ದೆ."

"ಅದು ಹಾಗಲ್ಲ ಕಣಯ್ಯಾ" ಎಂದ ಹಾಸಿಗೆಯಣ್ಣ. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು, ಗಂಡನನ್ನು ಮದುವೆಯ ಹೊಸತರಲ್ಲಿ ನೋಡಿದಂತೆ ನೋಡಿದಳು.

ಬಡಗಿಯ ಅಂಗಡಿಯ ಹಲಗೆಯ ಮೇಲೆ ಅಂದು ದೊಡ್ಡ ಚಂದ್ರ ಮೂಡಿದ. ಆ ಮಧ್ಯಾಹ್ನವೇ ಬಾಮೈದ ಕೈಗಾಡಿ ತಂದು, ತನ್ನ ಬಾಣಲೆ, ಡಬ್ಬಿ, ಒರಳು, ಹೆಸರೇ ಗೊತ್ತಿಲ್ಲದ ಪುಡಿಗಳ ಸೀಸೆಗಳನ್ನೆಲ್ಲ ಹೇರಿಕೊಂಡು ಹೊರಟ. ಗಾಡಿ ಬೀದಿಯ ತಿರುವಿನಲ್ಲಿ ಮರೆಯಾಗುವವರೆಗೂ ಹಾಸಿಗೆಯಣ್ಣ ಬಾಗಿಲಲ್ಲೇ ನಿಂತು ನೋಡಿದ. ಒಳಬಂದು ಅಡುಗೆಮನೆಗೆ ಇಣುಕಿದ. ಒಲೆ ತಣ್ಣಗಿತ್ತು. ಗೂಡಿನಲ್ಲಿ ಚಕ್ಕೆಯಿರಲಿಲ್ಲ, ಸೋಂಪಿರಲಿಲ್ಲ. ಬಟ್ಟಲಲ್ಲಿ ಬರೀ ಉಪ್ಪು, ಬರೀ ಮೆಣಸು. ಎಷ್ಟೋ ದಿನಗಳ ಮೇಲೆ ಮನೆಗೆ ಮನೆಯ ವಾಸನೆ ಬಂದಿತ್ತು. ತಾನೇ ಹೊಲಿದ ಹಾಸಿಗೆಯ ಮೇಲೆ ಬಿದ್ದುಕೊಂಡು, ಹೊಟ್ಟೆಯ ಮೇಲೆ ಎರಡೂ ಕೈ ಇಟ್ಟು, ಹಸುಗೂಸಿನಂತೆ ನಿದ್ದೆ ಹೋದ.

ಎದ್ದಾಗ ದೀಪ ಹಚ್ಚುವ ಹೊತ್ತು. ಗೆಣಸು ಕರಗಿತ್ತು, ಬನ್ನು ಕರಗಿತ್ತು. ಎಂದಿನಿಂದಲೋ ಮರೆತಿದ್ದ ಒಳ್ಳೆಯ, ಶುದ್ಧವಾದ ಹಸಿವೊಂದು ಹೊಟ್ಟೆಯೊಳಗೆ ಕಣ್ಣು ಬಿಡುತ್ತಿತ್ತು. ಹೆಂಡತಿಯ ಕೈಯ ಬಿಸಿ ಅನ್ನ, ಸಪ್ಪೆ ಬೇಳೆ, ಮೇಲೊಂದು ಚಮಚ ತುಪ್ಪ. ನೆನೆದೇ ಬಾಯಲ್ಲಿ ನೀರೂರಿತು.

ಬಾಗಿಲು ಸದ್ದಾಯಿತು. ಹೆಂಡತಿ ಒಳಬಂದಳು. ಕೈಯಲ್ಲಿ ಅವಳ ಸೊಂಟದೆತ್ತರದ ಒಂದು ಊಟದ ಕ್ಯಾರಿಯರು.

"ಎದ್ರಾ? ಒಳ್ಳೇದಾಯ್ತು" ಎಂದಳು. ಮುಖ ಬೆಳಗುತ್ತಿತ್ತು. "ಹಲಗೆ ನೋಡಿ ಜನ ಕಿಕ್ಕಿರಿದುಬಿಟ್ಟಿದ್ದಾರೆ. ಅವನೊಬ್ಬನ ಕೈಲಿ ಆಗಲ್ಲ ಪಾಪ. ನಾಳೆಯಿಂದ ನಾನೂ ಅಲ್ಲೇ ಬಡಿಸೋಕ್ಕೆ ನಿಲ್ತೀನಿ. ಮನೇಲಿ ಇನ್ನು ಒಲೆ ಹಚ್ಚೋ ತಾಪತ್ರಯವೇ ಬೇಡ. ಮೂರು ಹೊತ್ತೂ ಭಾವನಿಗೆ ನಾನೇ ಕಳಿಸ್ತೀನಿ ಅಂತ ಹಟ ಹಿಡಿದಿದ್ದಾನೆ. ಎಷ್ಟು ಹೇಳಿದ್ರೂ ಕೇಳಲಿಲ್ಲ."

ಅವಳು ಕ್ಯಾರಿಯರಿನ ಮೇಲಿನ ಡಬ್ಬಿ ಬಿಚ್ಚಿದಳು. ಬೆಳ್ಳುಳ್ಳಿಯ ಘಾಟು ಮನೆಯ ಮೂಲೆಮೂಲೆಗೂ ಹೋಗಿ ತನ್ನ ಹಳೆಯ ಜಾಗಗಳಲ್ಲಿ ಕೂತುಕೊಂಡಿತು. ಕೆಳಗಿನ ಡಬ್ಬಿಯಿಂದ ನೀಲಿ ಬದನೆಕಾಯಿ ಇಣುಕಿತು. ಅವಳು ತಟ್ಟೆ ತಂದು, ಗುಡ್ಡದಂತೆ ಬಡಿಸಿ, ಗಲ್ಲಕ್ಕೆ ಕೈಯಿಟ್ಟು ಎದುರಿಗೇ ಕೂತಳು.

"ಊಟ ಮಾಡ್ರೀ, ಆರಿಹೋಗುತ್ತೆ. ತಟ್ಟೆ ಹುಣ್ಣಿಮೆ ಆಗೋವರೆಗೂ ಕೂತಿದ್ದು, ನೋಡ್ಕೊಂಡು ಬಂದು ಹೇಳಕ್ಕಾ ಅಂದಿದ್ದಾನೆ."